ಎರಡು ಸಲ ಟಿಬಿ ಎಂದುಕೊಂಡ ಹುಡುಗ: ಒಂದು ಪ್ರಕರಣ ಅಧ್ಯಯನ

ನಾನು ಕಲಬುರಗಿಯಲ್ಲಿ ಮಕ್ಕಳ ಡಾಕ್ಟರ್. ಇಲ್ಲಿ ಬರೆಯುತ್ತಿರುವುದು ನಾನು ನೋಡಿದ ಒಬ್ಬ ಹುಡುಗನ ಪ್ರಕರಣ. ಮನೆಯವರು ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ. "ಇನ್ನೊಬ್ಬರ ಕೂಸಿಗೆ ಉಪಯೋಗ ಆಗ್ತದಂದ್ರ ಬರೀರಿ ಮೇಡಮ್" ಎಂದು ಹುಡುಗನ ಅವ್ವನೇ ಹೇಳಿದರು. ಹೆಸರು, ಊರು, ಗುರುತು ಸಿಗುವ ಕೆಲವು ವಿವರಗಳನ್ನು ಬದಲಾಯಿಸಿದ್ದೇನೆ. ಹುಡುಗನನ್ನು ಶರಣು ಎಂದು ಕರೆಯುತ್ತೇನೆ. ನಮ್ಮ ಕಡೆ ಓಣಿಗೊಬ್ಬ ಶರಣು ಇರುತ್ತಾನೆ.

ಒಂದು ಮಾತು ಮೊದಲೇ ಹೇಳಬೇಕು. ಈ ಪ್ರಕರಣದಲ್ಲಿ ಆದ ತಪ್ಪುಗಳಲ್ಲಿ ಒಂದು ದೊಡ್ಡದು ನನ್ನದೇ. ಅದನ್ನು ಮುಚ್ಚಿಟ್ಟು ಬರೆದರೆ ಓದುವವರಿಗೆ ಏನೂ ಸಿಗುವುದಿಲ್ಲ.

ಮಾಲಿನ ಚೀಲದಲ್ಲಿದ್ದ ಕಾಗದಗಳು

ಶರಣುವಿನ ಊರಿನಲ್ಲಿ ಕರಿ ನೆಲ, ತೊಗರಿ, ಜೋಳ. ತಂದೆಗೆ ನಾಲ್ಕು ಎಕರೆ ಒಣಭೂಮಿ. ತಾಯಿಯೂ ಹೊಲಕ್ಕೆ ಹೋಗುತ್ತಾರೆ. ಹಳೆಯ ಮಣ್ಣಿನ ಮಾಳಿಗೆ ಮನೆ, ಪಕ್ಕದಲ್ಲೇ ದನದ ಕೊಟ್ಟಿಗೆ, ಎದುರಿಗೆ ಕಣಿಕೆಯ ಬಣವೆ. ಮನೆಯಲ್ಲಿ ಮುತ್ಯಾ, ತಂದೆಯ ಅವ್ವ, ಕಾಕಾ, ಏಳು ವರ್ಷದ ಅಕ್ಕ ಇದ್ದಾರೆ.

ಜನವರಿ ತಿಂಗಳಲ್ಲಿ ಅವನು ನಮ್ಮ ವಾರ್ಡಿಗೆ ಬಂದಾಗ ನಾಲ್ಕು ವರ್ಷ ಎರಡು ತಿಂಗಳು. ತೂಕ 11 ಕಿಲೋ. ಜ್ವರ, ಕೆಮ್ಮು, ಜೋರು ದಮ್ಮು. ತಂದೆಯ ಕೈಯಲ್ಲಿ ಒಂದು ಮಾಲಿನ ಚೀಲ. ಅದರ ತುಂಬ ಕಾಗದ. ಆ ದಿನ ನಾನು ಮೇಲಿನ ನಾಲ್ಕೈದು ಕಾಗದ ಮಾತ್ರ ನೋಡಿದೆ. ಎಲ್ಲವನ್ನೂ ತಾರೀಖಿನ ಪ್ರಕಾರ ಜೋಡಿಸಿ ಓದಿದ್ದು ಎಂಟು ದಿನಗಳ ನಂತರ. ಈಗ ಆ ಕ್ರಮದಲ್ಲೇ ಹೇಳುತ್ತೇನೆ.

ಮೂರು ತಿಂಗಳ ಕೂಸಿದ್ದಾಗ ಎಡಗಡೆ ಕಂಕುಳಲ್ಲಿ ಗಂಟು ಬಂತು. ಬಿಸಿಜಿ ಲಸಿಕೆ ಎಡ ತೋಳಿಗೆ ಕೊಡುತ್ತಾರೆ, ಅದೇ ಕಡೆಯ ಗಂಟು ಬಾಯುವುದು ಆಗಾಗ ಆಗುತ್ತದೆ. "ತಾನಾಗಿ ಹೋಗುತ್ತೆ" ಎಂದರು. ಹೆಚ್ಚಿನ ಮಕ್ಕಳಲ್ಲಿ ಹೋಗುತ್ತದೆ ಕೂಡ. ಇವನದು ಒಡೆದು ಐದು ತಿಂಗಳು ಸೋರಿತು.

ಒಂದು ವರ್ಷ ಎರಡು ತಿಂಗಳಿಗೆ ಕುತ್ತಿಗೆಯಲ್ಲಿ ಕೀವುಗಂಟು. ಕೊಯ್ದು ಕೀವು ತೆಗೆದರು. ಗಾಯ ಮಾಯಲು ಎರಡು ತಿಂಗಳು ಬೇಕಾಯಿತು. ಎರಡನೇ ವರ್ಷ ಪೂರ್ತಿ ಬಿಟ್ಟು ಬಿಟ್ಟು ಭೇದಿ. ಅಂಗನವಾಡಿಯ ಪಟ್ಟಿಯಲ್ಲಿ ಅವನ ಹೆಸರು ಕಡಿಮೆ ತೂಕದ ಮಕ್ಕಳ ಸಾಲಿಗೆ ಬಂತು.

ಎರಡೂವರೆ ವರ್ಷಕ್ಕೆ ಕುತ್ತಿಗೆಯಲ್ಲಿ ಮತ್ತೆ ಗಂಟು. ಈ ಸಲ ಸೂಜಿ ಹಾಕಿ ಪರೀಕ್ಷೆ ಮಾಡಿಸಿದರು. ರಿಪೋರ್ಟಿನಲ್ಲಿ "ಗ್ರಾನ್ಯುಲೋಮ" ಎಂದಿತ್ತು. ನಮ್ಮ ಭಾಗದಲ್ಲಿ ಆ ಪದ ಕಂಡರೆ ಸಾಕು, ಎಲ್ಲರ ಮನಸ್ಸಿಗೆ ಬರುವುದು ಟಿಬಿ. ಟಿಬಿ ರೋಗಾಣು ಕಂಡಿರಲಿಲ್ಲ. ಆದರೂ ಆರು ತಿಂಗಳು ಟಿಬಿ ಮಾತ್ರೆ ಕೊಟ್ಟರು. ಒಂದು ಡೋಸ್ ಕೂಡ ತಪ್ಪಿಲ್ಲ, ಆಶಾ ಕಾರ್ಯಕರ್ತೆ ಮನೆಗೇ ಬಂದು ನುಂಗಿಸಿದ್ದರು.

ಮೂರೂವರೆ ವರ್ಷಕ್ಕೆ ಲಿವರಿನಲ್ಲಿ ಕೀವು. ಟ್ಯೂಬು ಹಾಕಿ ತೆಗೆದರು. ಕಲ್ಚರಿನಲ್ಲಿ ಸ್ಟೆಫೈಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯ ಬೆಳೆಯಿತು. ನಾಲ್ಕು ವಾರ ಇಂಜೆಕ್ಷನ್ ಕೊಟ್ಟು ಮನೆಗೆ ಕಳಿಸಿದರು.

ಈಗ ಈ ಸಾಲನ್ನು ಒಟ್ಟಿಗೆ ಓದಿದರೆ ಯಾವ ಮಕ್ಕಳ ಡಾಕ್ಟರಿಗಾದರೂ ಎದೆ ಝಲ್ ಎನ್ನಬೇಕು. ಆದರೆ ಯಾರೂ ಒಟ್ಟಿಗೆ ಓದಲಿಲ್ಲ. ಒಂದೊಂದು ಗಂಟನ್ನು ಒಂದೊಂದು ಊರಿನಲ್ಲಿ ಒಬ್ಬೊಬ್ಬರು ನೋಡಿದರು. ಅವರವರ ಕೆಲಸವನ್ನು ಅವರವರು ಸರಿಯಾಗಿಯೇ ಮಾಡಿದ್ದರು.

ನನ್ನ ತಪ್ಪು

ಎಕ್ಸ್‌ರೇಯಲ್ಲಿ ಎರಡೂ ಶ್ವಾಸಕೋಶಗಳ ತುಂಬ ಚುಕ್ಕೆ ಚುಕ್ಕೆ ನೆರಳು. ಬಿಳಿ ರಕ್ತಕಣ 19,000, ಅಂದರೆ ಜಾಸ್ತಿ. ಎಚ್‌ಐವಿ ಇಲ್ಲ. ಐದು ದಿನ ಆಂಟಿಬಯಾಟಿಕ್ ಕೊಟ್ಟರೂ ಜ್ವರ ಇಳಿಯಲಿಲ್ಲ. ಜಠರದ ದ್ರವ ತೆಗೆದು ಟಿಬಿ ರೋಗಾಣು ಹುಡುಕುವ ಸಿಬಿನ್ಯಾಟ್ ಪರೀಕ್ಷೆ ಮಾಡಿಸಿದೆವು, ಟಿಬಿ ಇಲ್ಲ ಎಂದು ಬಂತು. ಮಕ್ಕಳಲ್ಲಿ ಆ ಪರೀಕ್ಷೆ ಎಷ್ಟೋ ಸಲ ಟಿಬಿ ಇದ್ದರೂ ಇಲ್ಲ ಎನ್ನುತ್ತದೆ. ಹಾಗಾಗಿ ನಾನು ಅದನ್ನು ನಂಬಲಿಲ್ಲ.

ಎರಡು ಪ್ರಶ್ನೆ ಕೇಳಿದೆ. "ಮನೆಯಲ್ಲಿ ಯಾರಿಗಾದರೂ ಟಿಬಿ ಇತ್ತಾ?" ಇಲ್ಲ ಎಂದರು ತಂದೆ. "ಸಂಬಂಧದಲ್ಲಿ ಮದುವೆಯಾ?" ಅದಕ್ಕೂ ಇಲ್ಲ. "ದೂರದವರು ಅದೀವ್ರಿ. ಸಂಬಂಧದಾಗ ಕೊಟ್ಟಿಲ್ಲ."

ನಮ್ಮ ಜಿಲ್ಲೆಗಳಲ್ಲಿ ಸೋದರಮಾವನಿಗೆ, ಅತ್ತೆಯ ಮಗನಿಗೆ ಹುಡುಗಿ ಕೊಡುವುದು ಇನ್ನೂ ಇದೆ. ಹುಟ್ಟಿನಿಂದ ಬರುವ ಕಾಯಿಲೆಯ ಅನುಮಾನ ಬಂದರೆ ನಾವು ಕೇಳುವ ಮೊದಲ ಪ್ರಶ್ನೆಯೇ ಅದು. ಇಲ್ಲ ಎಂಬ ಉತ್ತರ ಬಂದಾಗ ನನ್ನ ತಲೆ ಆ ಬಾಗಿಲನ್ನು ಮುಚ್ಚಿಬಿಟ್ಟಿತು. ಆರನೇ ದಿನ ಟಿಬಿ ಮಾತ್ರೆ ಶುರು ಮಾಡಿದೆ. ಎರಡನೇ ಸಲ.

ಆಕ್ಸಿಜನ್ ಎರಡು ಲೀಟರ್ ಇದ್ದದ್ದು ಎಂಟನೇ ದಿನಕ್ಕೆ ಎಂಟು ಲೀಟರ್ ಆಯಿತು.

ಆಯಿ ಹೇಳಿದ್ದು

ಎಂಟನೇ ದಿನ ಸಂಜೆ ತಾಯಿಯ ಅವ್ವ ಊರಿನಿಂದ ಬಂದರು. ಮೊಮ್ಮಗನ ಮುಖ ನೋಡಿ ಹಾಸಿಗೆಯ ಪಕ್ಕ ನೆಲದ ಮೇಲೆ ಕೂತುಬಿಟ್ಟರು. ಅಳಲಿಲ್ಲ. ನಾನು ರೌಂಡ್ಸ್ ಮುಗಿಸಿ ಹೊರಡುವಾಗ ಹೇಳಿದರು.

"ನನ್ನ ಸಣ್ಣ ಮಗನೂ ಥೇಟ್ ಹಿಂಗೇ ಮಾಡಿದ್ದ್ರಿ. ಕಂಕುಳಾಗ ಗಂಟ, ಕೊಳ್ಳಾಗ ಗಂಟ. ಆಮ್ಯಾಲ ದಮ್ಮ."

ನಾನು ವಾಪಸ್ ಬಂದು ಅವರ ಪಕ್ಕ ಕೂತೆ. "ಆಯಿ, ಎಷ್ಟು ಗಂಡುಮಕ್ಕಳು ನಿಮಗೆ?"

"ಇಬ್ಬರು ಹುಟ್ಟಿದ್ರು. ಒಬ್ಬಾಂವ ಮೂರು ವರ್ಷಕ್ಕ ಹೋದ, ಒಬ್ಬಾಂವ ಆರಕ್ಕ. ಹೆಣ್ಣು ಮೂರು ಅದಾವ, ಎಲ್ಲಾ ಛಲೋ ಅದಾವ."

ಅಷ್ಟೇ ಸಾಕಾಯಿತು. ಗಂಡುಮಕ್ಕಳು ಹೋಗುತ್ತಾರೆ, ಹೆಣ್ಣುಮಕ್ಕಳು ಉಳಿಯುತ್ತಾರೆ, ಮಗಳ ಮಗನಿಗೆ ಮತ್ತೆ ಅದೇ ಬರುತ್ತದೆ. ತಾಯಿಯ ಎಕ್ಸ್ ಕ್ರೋಮೋಸೋಮಿನ ಮೇಲೆ ಸಾಗಿ ಬರುವ ಕಾಯಿಲೆಗಳ ದಾರಿ ಇದೇ. ಅದಕ್ಕೆ ಸಂಬಂಧದಲ್ಲಿ ಮದುವೆ ಆಗಿರಬೇಕಿಲ್ಲ. ನಾನು "ಮನೆಯಲ್ಲಿ" ಎಂದು ಕೇಳಿದ್ದೆ. ತಂದೆ ತನ್ನ ಮನೆಯ ಉತ್ತರ ಕೊಟ್ಟಿದ್ದರು. ತಾಯಿಯ ತವರುಮನೆಯ ಬಗ್ಗೆ ನಾಲ್ಕು ವರ್ಷದಲ್ಲಿ ಒಬ್ಬರೂ ಕೇಳಿರಲಿಲ್ಲ. ತಾಯಿ ಪ್ರತಿಸಲವೂ ಅಲ್ಲೇ ನಿಂತಿರುತ್ತಿದ್ದರು. ಅಣ್ಣತಮ್ಮಂದಿರು ಸತ್ತಾಗ ಅವರು ಚಿಕ್ಕವರು, ಅದು ಟಿಬಿ ಎಂದೇ ಮನೆಯಲ್ಲಿ ಕೇಳಿ ಬೆಳೆದವರು. ತವರಿನಲ್ಲಿ ಟಿಬಿ ಇತ್ತು ಎಂದು ಗಂಡನ ಮನೆಯವರ ಮುಂದೆ ಹೇಳುವುದು ಅವರಿಗೆ ಸುಲಭವೇ?

ಆ ರಾತ್ರಿ ಚೀಲದ ಕಾಗದವನ್ನೆಲ್ಲ ಮೇಜಿನ ಮೇಲೆ ಹರಡಿ ಕೂತೆ.

ನುಂಗುತ್ತದೆ, ಅರಗಿಸಲಾರದು

ನನ್ನ ಅನುಮಾನ ಕ್ರಾನಿಕ್ ಗ್ರಾನ್ಯುಲೊಮ್ಯಾಟಸ್ ಡಿಸೀಸ್ ಮೇಲೆ ಬಿತ್ತು. ಸುಲಭಕ್ಕೆ ಸಿಜಿಡಿ. ಅಮೆರಿಕ, ಯುರೋಪಿನ ಲೆಕ್ಕದಲ್ಲಿ ಸುಮಾರು 2 ಲಕ್ಷ ಹುಟ್ಟಿನಲ್ಲಿ ಒಂದು. 1950ರ ದಶಕದಲ್ಲಿ ಮೊದಲು ವಿವರಿಸಿದಾಗ ಅದರ ಹೆಸರಿನಲ್ಲೇ "ಮಾರಕ" ಎಂಬ ಪದ ಇತ್ತು. ಮಕ್ಕಳು ಯಾರೂ ಹೆಚ್ಚು ದಿನ ಉಳಿಯುತ್ತಿರಲಿಲ್ಲ.

ಮನೆಯವರಿಗೆ ನಾನು ಹೇಳಿದ ರೀತಿಯಲ್ಲೇ ಇಲ್ಲಿಯೂ ಹೇಳುತ್ತೇನೆ. ರಕ್ತದಲ್ಲಿ ನ್ಯೂಟ್ರೊಫಿಲ್ ಎಂಬ ಬಿಳಿ ಕಣಗಳಿವೆ. ರೋಗಾಣು ಬಂದರೆ ಅವು ಹೋಗಿ ನುಂಗುತ್ತವೆ. ನುಂಗಿದ ಮೇಲೆ ಸಾಯಿಸಬೇಕಲ್ವಾ? ಅದಕ್ಕೆ ಒಳಗೇ ಒಂದು ತೀಕ್ಷ್ಣ ರಾಸಾಯನಿಕ ತಯಾರಿಸಿಕೊಳ್ಳುತ್ತವೆ. ಪಂಚಾಯ್ತಿಯವರು ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುತ್ತಾರಲ್ಲ, ಹೆಚ್ಚುಕಡಿಮೆ ಅದೇ ಜಾತಿಯದು. ಅದನ್ನು ತಯಾರಿಸುವ ಯಂತ್ರದಲ್ಲಿ ಹಲವು ಭಾಗಗಳಿವೆ. ಒಂದು ಭಾಗ ಹುಟ್ಟಿನಿಂದಲೇ ಇಲ್ಲದಿದ್ದರೆ ಯಂತ್ರ ನಡೆಯುವುದಿಲ್ಲ. ಕಣ ನುಂಗುತ್ತದೆ, ಅರಗಿಸಲಾರದು. ರೋಗಾಣು ಒಳಗೆ ಜೀವಂತ ಉಳಿಯುತ್ತದೆ. ದೇಹ ಅದರ ಸುತ್ತ ಕಣಗಳ ಗೋಡೆ ಕಟ್ಟುತ್ತದೆ. ಆ ಗೋಡೆಯ ಹೆಸರೇ ಗ್ರಾನ್ಯುಲೋಮ. ಶರಣುವಿನ ಕುತ್ತಿಗೆಯ ಗಂಟಿನಲ್ಲಿ ಕಂಡದ್ದೂ ಅದೇ.

ಮಾಮೂಲಿ ರಕ್ತಪರೀಕ್ಷೆಯಲ್ಲಿ ಇದು ಸಿಗುವುದಿಲ್ಲ. ಬಿಳಿ ಕಣದ ಎಣಿಕೆ ಸರಿಯಾಗಿಯೇ ಇರುತ್ತದೆ, ಇಲ್ಲವೇ ಜಾಸ್ತಿ. ಎಷ್ಟಿವೆ ಎಂದು ಆ ಪರೀಕ್ಷೆ ಹೇಳುತ್ತದೆ, ಕೆಲಸ ಮಾಡುತ್ತಿವೆಯೇ ಎಂದು ಹೇಳುವುದಿಲ್ಲ. ಇದರ ಜೊತೆ, ಸಿಜಿಡಿ ಇರುವ ಮಕ್ಕಳಿಗೆ ಎಲ್ಲ ರೋಗಾಣುಗಳೂ ಕಾಡುವುದಿಲ್ಲ. ಕೆಲವೇ ಕೆಲವು ಕಾಡುತ್ತವೆ. ಸ್ಟೆಫೈಲೊಕಾಕಸ್, ನೊಕಾರ್ಡಿಯ, ಸೆರೇಶಿಯ, ಬಿಸಿಜಿ ಮತ್ತು ಟಿಬಿಯ ರೋಗಾಣು, ಎಲ್ಲಕ್ಕಿಂತ ಭಯಂಕರವಾದದ್ದು ಆಸ್ಪರ್ಜಿಲಸ್ ಎಂಬ ಬೂಷ್ಟು. ಚಿಕ್ಕ ಮಗುವಿನ ಲಿವರಿನ ಕೀವಿನಲ್ಲಿ ಸ್ಟೆಫೈಲೊಕಾಕಸ್ ಬೆಳೆದರೆ ಸಿಜಿಡಿ ನೆನಪಾಗಬೇಕು. ಆ ಕಾಗದ ಚೀಲದಲ್ಲೇ ಇತ್ತು.

ಬೂಷ್ಟು ಎಂದ ಕೂಡಲೇ ನನಗೆ ಇನ್ನೊಂದು ಪ್ರಶ್ನೆ ಹೊಳೆಯಿತು. ಬೆಳಿಗ್ಗೆ ತಾಯಿಯನ್ನು ಕೇಳಿದೆ. "ಜ್ವರ ಬರುವ ಮೊದಲ ವಾರ ಶರಣು ಎಲ್ಲಿದ್ದ, ಏನು ಆಡುತ್ತಿದ್ದ?"

"ಕಣದಾಗ ಇದ್ದಾನ್ರಿ. ತೊಗರಿ ರಾಶಿ ನಡದಿತ್ತು. ಹುಡುಗ್ರೆಲ್ಲಾ ಹೊಟ್ಟಿನ ಗುಡ್ಡಿ ಮ್ಯಾಲ ಜಿಗದಾಡ್ತಾವ, ಇವನೂ ಜಿಗದಾನ."

ಅದು ಹಿಂದಿನ ವರ್ಷದ ಹೊಟ್ಟು, ಮಳೆಯಲ್ಲಿ ನೆನೆದು ಒಳಗೆ ಕಪ್ಪಾಗಿತ್ತು ಎಂದು ತಂದೆ ಸೇರಿಸಿದರು. ಹತ್ತು ಹುಡುಗರು ಜಿಗಿದರು. ಒಂಬತ್ತು ಹುಡುಗರಿಗೆ ಮೈ ತುರಿಸಿತು. ಒಬ್ಬನ ಶ್ವಾಸಕೋಶ ತುಂಬಿತು. ಕೊಳೆತ ಎಲೆ, ಹುಲ್ಲು, ಹೊಟ್ಟಿನ ಧೂಳನ್ನು ಒಟ್ಟಿಗೆ ಜಾಸ್ತಿ ಉಸಿರಾಡಿದಾಗ ಸಿಜಿಡಿ ಇರುವವರಿಗೆ ಕೆಲವೇ ದಿನಗಳಲ್ಲಿ ಬರುವ ನ್ಯುಮೋನಿಯ ಇದೆ. ಎಕ್ಸ್‌ರೇ ನೋಡಿದರೆ ಟಿಬಿ ಹರಡಿದ ಹಾಗೆಯೇ ಕಾಣುತ್ತದೆ. ತೊಗರಿಯ ಕಣಜ ಎಂದು ಹೆಮ್ಮೆಪಡುವ ಜಿಲ್ಲೆಯಲ್ಲಿ ಕೂತು ನನಗೆ ಇದು ಎಂಟು ದಿನ ಹೊಳೆದಿರಲಿಲ್ಲ.

ಮಾತ್ರೆ ನಿಲ್ಲಿಸುವ ನಿರ್ಧಾರ

ಬೆಂಗಳೂರಿನಲ್ಲಿ ರೋಗನಿರೋಧಕ ಶಕ್ತಿಯ ಕಾಯಿಲೆಗಳನ್ನೇ ನೋಡುವ ಹಿರಿಯ ಡಾಕ್ಟರೊಬ್ಬರಿಗೆ ಫೋನ್ ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡು ಮೊದಲು ಕೇಳಿದ್ದು, "ಟಿಬಿ ಮಾತ್ರೆಯಲ್ಲಿ ರಿಫಾಂಪಿಸಿನ್ ಇದೆಯಲ್ವಾ?"

ಇತ್ತು. ಇಲ್ಲಿಯೇ ಗಂಟು ಬಿದ್ದದ್ದು. ಬೂಷ್ಟಿಗೆ ಕೊಡುವ ವೊರಿಕೊನಜೋಲ್, ಇಟ್ರಾಕೊನಜೋಲ್ ಔಷಧಿಗಳನ್ನು ರಿಫಾಂಪಿಸಿನ್ ಲಿವರಿನಲ್ಲೇ ಬೇಗ ಬೇಗ ಕರಗಿಸಿಬಿಡುತ್ತದೆ. ಎರಡನ್ನೂ ಒಟ್ಟಿಗೆ ಕೊಟ್ಟರೆ ಬೂಷ್ಟಿನ ಔಷಧಿ ಕೊಟ್ಟೂ ಕೊಡದ ಹಾಗೆ. ರಿಫಾಂಪಿಸಿನ್ ನಿಲ್ಲಿಸಿದ ಮೇಲೂ ಅದರ ಪ್ರಭಾವ ಸುಮಾರು ಎರಡು ವಾರ ಇರುತ್ತದೆ. ಅಂದರೆ ನಾನು ಶುರು ಮಾಡಿದ ಮಾತ್ರೆ ಸುಮ್ನೆ ಪ್ರಯೋಜನವಿಲ್ಲದ್ದು ಮಾತ್ರ ಆಗಿರಲಿಲ್ಲ, ಸರಿಯಾದ ಔಷಧಿಗೆ ಅಡ್ಡಗೋಡೆಯೂ ಆಗಿತ್ತು.

ಹಾಗಾದರೆ ಟಿಬಿ ಮಾತ್ರೆ ನಿಲ್ಲಿಸಬೇಕು. ನಿಜಕ್ಕೂ ಟಿಬಿಯೇ ಆಗಿದ್ದರೆ? ಸಿಜಿಡಿ ಇರುವವರಿಗೆ ಟಿಬಿ ಕೂಡ ಬರುತ್ತದೆ. ಬೂಷ್ಟು ಇದೆ ಎಂಬುದಕ್ಕೂ ಕೈಯಲ್ಲಿ ಪುರಾವೆ ಇರಲಿಲ್ಲ. ರಕ್ತದಲ್ಲಿ ಆಸ್ಪರ್ಜಿಲಸ್ ಹುಡುಕುವ ಪರೀಕ್ಷೆ ಇಲ್ಲ ಎಂದು ಬಂದಿತ್ತು. ಸಿಜಿಡಿಯಲ್ಲಿ ಅದು ಹಾಗೆ ಬರುವುದೇ ಹೆಚ್ಚು. ಶ್ವಾಸನಾಳಕ್ಕೆ ಕೊಳವೆ ಇಳಿಸಿ ನೋಡುವಷ್ಟು ಶಕ್ತಿ ಹುಡುಗನಲ್ಲಿ ಇರಲಿಲ್ಲ.

ತಂದೆ ತಾಯಿ ಇಬ್ಬರನ್ನೂ ಕೂರಿಸಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನಾನು ಕೊಟ್ಟ ಮಾತ್ರೆ ತಪ್ಪಿರಬಹುದು, ಈಗ ಬದಲಾಯಿಸಬೇಕು, ಇದೂ ತಪ್ಪಾಗುವ ಸಾಧ್ಯತೆ ಇದೆ ಎಂದೆ. ತಂದೆ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು, "ನಿಮ್ಮ ಕೂಸಿದ್ರ ಏನ್ ಮಾಡ್ತಿದ್ರಿ, ಅದೇ ಮಾಡ್ರಿ."

ರಿಫಾಂಪಿಸಿನ್ ನಿಲ್ಲಿಸಿದೆವು. ಅದರ ಜೊತೆ ಜಗಳವಾಡದ, ಬೂಷ್ಟಿನದೇ ಇನ್ನೊಂದು ಔಷಧಿಯಾದ ಆಂಫೊಟೆರಿಸಿನ್ ಇಂಜೆಕ್ಷನ್ ಶುರು ಮಾಡಿದೆವು. ಜೊತೆಗೆ ಸ್ಟಿರಾಯ್ಡ್. ಬೂಷ್ಟು ತುಂಬಿರುವ ಶ್ವಾಸಕೋಶಕ್ಕೆ ಸ್ಟಿರಾಯ್ಡ್ ಕೊಡುವುದೆಂದರೆ ಯಾವ ಡಾಕ್ಟರಿಗೂ ಕೈ ನಡುಗುತ್ತದೆ. ಆದರೆ ಹೊಟ್ಟಿನ ಧೂಳಿನಿಂದ ಬರುವ ಈ ನ್ಯುಮೋನಿಯದಲ್ಲಿ ಉಸಿರು ಕಟ್ಟಿಸುವುದು ಬೂಷ್ಟಿಗಿಂತ ಹೆಚ್ಚಾಗಿ ದೇಹದ ಅತಿಯಾದ ಉರಿಯೂತ. ಬೆಂಗಳೂರಿನ ಡಾಕ್ಟರ್ ಒತ್ತಿ ಹೇಳಿದ್ದರಿಂದ ಕೊಟ್ಟೆ.

ನಾಲ್ಕನೇ ದಿನ ಆಕ್ಸಿಜನ್ ಎಂಟರಿಂದ ಐದಕ್ಕೆ ಇಳಿಯಿತು. ಹನ್ನೊಂದನೇ ದಿನ ಪೂರ್ತಿ ತೆಗೆದೆವು. ಎರಡು ವಾರ ಕಳೆದ ಮೇಲೆ ವೊರಿಕೊನಜೋಲ್ ಶುರುವಾಯಿತು. ಒಟ್ಟು 34 ದಿನ ಆಸ್ಪತ್ರೆಯಲ್ಲಿದ್ದ.

ಮೂರು ಟ್ಯೂಬು ರಕ್ತ

ಸಿಜಿಡಿ ಖಚಿತ ಮಾಡಿಕೊಳ್ಳಲು ಡಿಎಚ್‌ಆರ್ ಎಂಬ ಪರೀಕ್ಷೆ ಇದೆ. ರಕ್ತಕಣಕ್ಕೆ ಒಂದು ಬಣ್ಣ ಕುಡಿಸಿ, ಅದನ್ನು ಕೆರಳಿಸುತ್ತಾರೆ. ಕಣದ ಯಂತ್ರ ನಡೆದರೆ ಬಣ್ಣ ಹೊಳೆಯುತ್ತದೆ. ಗ್ರಾಫಿನಲ್ಲಿ ಗುಡ್ಡದಂಥ ಒಂದು ಗೆರೆ ಬಲಕ್ಕೆ ಸರಿಯುತ್ತದೆ. ಯಂತ್ರ ನಡೆಯದಿದ್ದರೆ ಗುಡ್ಡ ಇದ್ದಲ್ಲೇ ಇರುತ್ತದೆ.

ಮೊದಲ ಸಲ ಕಳಿಸಿದ ರಕ್ತ ಹಾಳಾಯಿತು. ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ದೂರದ ಜಿಲ್ಲೆಗಳಲ್ಲಿ ಎಷ್ಟೋ ಮಕ್ಕಳ ಪರೀಕ್ಷೆ ಹೀಗೆಯೇ ಕೆಡುತ್ತದೆ. ಶನಿವಾರ ರಕ್ತ ತೆಗೆದೆವು. ನಮ್ಮ ಲ್ಯಾಬಿನ ಹುಡುಗ ಅಭ್ಯಾಸದ ಪ್ರಕಾರ ಐಸ್ ಜೆಲ್ ಇಟ್ಟು ಪ್ಯಾಕ್ ಮಾಡಿದ. ಕಲಬುರಗಿಯ ಬಿಸಿಲಿಗೆ ನಾವು ಏನು ಕಳಿಸಿದರೂ ಐಸ್ ಇಡುತ್ತೇವೆ. ಕೊರಿಯರ್ ಭಾನುವಾರ ಎಲ್ಲೋ ಕೂತಿತು. ಮಂಗಳವಾರ ಲ್ಯಾಬಿನವರು ಫೋನ್ ಮಾಡಿ ಕಣಗಳೆಲ್ಲ ಸತ್ತಿವೆ ಎಂದರು. ಈ ಪರೀಕ್ಷೆಗೆ ಜೀವಂತ ಕಣ ಬೇಕು. ಐಸ್ ಇಡಬಾರದು. 24 ಗಂಟೆಯೊಳಗೆ ತಲುಪಿದರೆ ಒಳ್ಳೆಯದು. ಜೊತೆಗೆ ಸಂಬಂಧವಿಲ್ಲದ ಆರೋಗ್ಯವಂತರೊಬ್ಬರ ರಕ್ತವನ್ನೂ ಅದೇ ಹೊತ್ತಿಗೆ ತೆಗೆದು ಕಳಿಸಬೇಕು. ಅದು ಹೊಳೆದು ಹುಡುಗನದು ಹೊಳೆಯದಿದ್ದರೆ ಮಾತ್ರ ಫಲಿತಾಂಶ ನಂಬಬಹುದು. ಇಲ್ಲದಿದ್ದರೆ ದಾರಿಯಲ್ಲಿ ಕೆಟ್ಟಿತೋ, ಹುಟ್ಟಿನಿಂದಲೇ ಕೆಟ್ಟಿತ್ತೋ ಯಾರಿಗೆ ಗೊತ್ತು?

ಎರಡನೇ ಸಲ ರಾತ್ರಿ ಒಂಬತ್ತಕ್ಕೆ ಮೂರು ಟ್ಯೂಬು ತೆಗೆದೆವು. ಒಂದು ಶರಣುವಿನದು, ಒಂದು ಅವನ ತಾಯಿಯದು, ಮೂರನೆಯದು ನನ್ನದು. ಹುಡುಗನ ಕಾಕಾ ಅವುಗಳನ್ನು ಹತ್ತಿಯಲ್ಲಿ ಸುತ್ತಿ ಒಂದು ಡಬ್ಬಿಯಲ್ಲಿ ಹಾಕಿಕೊಂಡು ಹೈದರಾಬಾದ್ ಬಸ್ ಹತ್ತಿದರು. ಹುಮನಾಬಾದ್, ಜಹೀರಾಬಾದ್ ಮೇಲೆ ಸುಮಾರು 220 ಕಿಲೋಮೀಟರ್. ಡಬ್ಬಿಯನ್ನು ರಾತ್ರಿಯೆಲ್ಲ ತೊಡೆಯ ಮೇಲೆ ಇಟ್ಟುಕೊಂಡಿದ್ದರಂತೆ. ಲ್ಯಾಬ್ ಬಾಗಿಲು ತೆಗೆಯುವ ಮೊದಲೇ ಅಲ್ಲಿ ಕೂತಿದ್ದರು.

ನನ್ನ ಗುಡ್ಡ ಬಲಕ್ಕೆ ಸರಿದಿತ್ತು. ಶರಣುವಿನದು ಕದಲಿರಲಿಲ್ಲ. ತಾಯಿಯ ಗ್ರಾಫಿನಲ್ಲಿ ಎರಡು ಗುಡ್ಡ. ಹೆಣ್ಣಿನ ಪ್ರತಿ ಕಣದಲ್ಲೂ ಎರಡು ಎಕ್ಸ್ ಕ್ರೋಮೋಸೋಮಿನಲ್ಲಿ ಒಂದು ಮಾತ್ರ ಕೆಲಸ ಮಾಡುತ್ತದೆ. ಹಾಗಾಗಿ ಕೆಲವು ಕಣ ಸರಿ, ಕೆಲವು ಕಣ ಅರಗಿಸಲಾರದವು. ಸರಿಯಾದವು ಇದ್ದದ್ದಕ್ಕೆ ಅವರು ಉಳಿದಿದ್ದರು.

ಆಗ ಮೊದಲ ಸಲ ನಾನು ತಾಯಿಯ ಮುಖವನ್ನು ಸರಿಯಾಗಿ ನೋಡಿದೆ. ಕೆನ್ನೆಯ ಮೇಲೆ ಕಪ್ಪು ಕೆಂಪು ಕಲೆ. ಹೊಲದಲ್ಲಿ ಬಿಸಿಲಿಗೆ ನಿಂತರೆ ಉರಿಯುತ್ತದೆ ಎಂದರು. ಬಾಯಿ ಹುಣ್ಣು ವರ್ಷಕ್ಕೆ ಎಂಟು ಹತ್ತು ಸಲ. ಈ ಕಾಯಿಲೆಯನ್ನು ಹೊತ್ತ ಹೆಂಗಸರಲ್ಲಿ ಹೀಗೆ ಕಾಣುವುದು ಗೊತ್ತಿರುವ ವಿಷಯ. ಅವರಿಗೂ ಚಿಕಿತ್ಸೆ ಬೇಕಿತ್ತು. ನಾಲ್ಕು ವರ್ಷ ಅವರನ್ನು ನಾವೆಲ್ಲ ಮಗುವನ್ನು ಎತ್ತಿಕೊಂಡು ಬರುವವರು ಎಂದಷ್ಟೇ ನೋಡಿದ್ದೆವು.

ಹೇಳಿದ ಜಾಗ ಸರಿಯಿರಲಿಲ್ಲ

ಇಲ್ಲಿ ನನ್ನಿಂದ ಇನ್ನೊಂದು ಎಡವಟ್ಟಾಯಿತು. ಫಲಿತಾಂಶವನ್ನು ವಾರ್ಡಿನಲ್ಲೇ ಹೇಳಿದೆ. "ಇದು ತಾಯಿಯ ಕಡೆಯಿಂದ ಬರುವ ಕಾಯಿಲೆ" ಎಂಬ ಒಂದು ವಾಕ್ಯ ಪಕ್ಕದ ಹಾಸಿಗೆ ದಾಟಿ, ಬಸ್ಸು ಹತ್ತಿ, ನನಗಿಂತ ಮೊದಲು ಊರು ತಲುಪಿತು. ಎರಡು ದಿನದಲ್ಲಿ ತಂದೆಯ ಅವ್ವ ಸೊಸೆಯ ಜೊತೆ ಮಾತು ಬಿಟ್ಟರು. ಆಗ ಆ ಸೊಸೆ ಐದು ತಿಂಗಳ ಬಸುರಿ.

ಸರಿಪಡಿಸಲು ಮೂರು ವಾರ ಬೇಕಾಯಿತು. ಮುತ್ಯಾ ಆಸ್ಪತ್ರೆಗೆ ಬಂದಾಗ ನನ್ನ ಕೋಣೆಯಲ್ಲಿ ಎಲ್ಲರನ್ನೂ ಕೂರಿಸಿದೆ. ಇದು ಆಕೆ ಮಾಡಿದ್ದಲ್ಲ, ಆಕೆಗೂ ಗೊತ್ತಿಲ್ಲದೆ ಬಂದದ್ದು ಎಂದೆ. ಹುಟ್ಟುವ ಪ್ರತಿ ಗಂಡುಮಗುವಿಗೆ ಅರ್ಧಕ್ಕರ್ಧ ಸಾಧ್ಯತೆ, ಯಾರ ಕೈಯಲ್ಲೂ ಇಲ್ಲ ಎಂದೆ. ನನ್ನ ಮಾತಿಗಿಂತ ಆಯಿಯ ಮಾತು ಹೆಚ್ಚು ನಾಟಿತು. "ನಾ ಇಬ್ಬರನ್ನ ಮಣ್ಣಿಗಿ ಇಟ್ಟೀನಿ ಬೀಗ್ರ. ಗೊತ್ತಿದ್ರ ಇಡ್ತಿದ್ದೆನಾ?" ಎಂದರು. ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಮುತ್ಯಾ ಎದ್ದು ಹೋಗಿ ಎಲ್ಲರಿಗೂ ಚಹಾ ತರಿಸಿದರು. ಅಂದಿನಿಂದ ಇಂಥ ಫಲಿತಾಂಶಗಳನ್ನು ನಾನು ಬಾಗಿಲು ಹಾಕಿದ ಕೋಣೆಯಲ್ಲೇ ಹೇಳುತ್ತೇನೆ.

ಕೂಸಿನ ಬಿಸಿಜಿ

ಬಸುರಿಯ ತಾಯಿ ಕಾರ್ಡಿಗೆ ಒಂದು ಚೀಟಿ ಪಿನ್ ಮಾಡಿದೆವು. ಕೆಂಪು ಶಾಯಿಯಲ್ಲಿ ಬರೆದದ್ದು ಇಷ್ಟೇ: "ಹುಟ್ಟಿದ ಮಗು ಗಂಡಾದರೆ ಪರೀಕ್ಷೆ ಆಗುವವರೆಗೆ ಬಿಸಿಜಿ ಬೇಡ. ಪೋಲಿಯೊ ಹನಿ, ಹೆಪಟೈಟಿಸ್ ಬಿ ಕೊಡಿ." ಸಿಜಿಡಿಯಲ್ಲಿ ಜೀವಂತ ಬ್ಯಾಕ್ಟೀರಿಯ ಇರುವ ಲಸಿಕೆ ಮಾತ್ರ ಅಪಾಯ. ಬೇರೆ ಲಸಿಕೆಗಳನ್ನು ಬಿಟ್ಟರೆ ಬೇರೆ ತೊಂದರೆ. ಇದನ್ನು ಆಶಾ ಕಾರ್ಯಕರ್ತೆಗೆ ಎರಡು ಸಲ ಬಿಡಿಸಿ ಹೇಳಿದೆ. ಆಕೆ ಹೆರಿಗೆಯ ರಾತ್ರಿ ಆಸ್ಪತ್ರೆಯಲ್ಲೇ ಉಳಿದು, ಸಿರಿಂಜ್ ಹಿಡಿದು ಬಂದ ನರ್ಸಿಗೆ ಚೀಟಿ ತೋರಿಸಿ ನಿಲ್ಲಿಸಿದರು.

ಗಂಡುಮಗು. ಮೇ ತಿಂಗಳು. ಹೊರಗೆ 42 ಡಿಗ್ರಿ. ಐಸ್ ಇಡಬಾರದು, ಬಿಸಿಯೂ ತಾಗಬಾರದು. ಕೊನೆಗೆ ಖಾಲಿ ಥರ್ಮಾಸಿನಲ್ಲಿ ಟ್ಯೂಬು ಇಟ್ಟು ರಾತ್ರಿಯ ಎಸಿ ಬಸ್ಸಿನಲ್ಲಿ ಕಳಿಸಿದೆವು. ಮತ್ತೆ ಅದೇ ಕಾಕಾ. ಕೂಸಿನ ಗುಡ್ಡ ಬಲಕ್ಕೆ ಸರಿಯಿತು. ಐದನೇ ವಾರಕ್ಕೆ ಬಿಸಿಜಿ ಕೊಟ್ಟೆವು. ಒಂದು ವರ್ಷದೊಳಗೆ ಯಾವಾಗ ಬೇಕಾದರೂ ಕೊಡಬಹುದು, ತಡವಾಯಿತು ಎಂದು ಹೆದರಬೇಕಿಲ್ಲ.

ಈಗ ಶರಣು

ದಿನಕ್ಕೆ ಎರಡು ಔಷಧಿ. ಬ್ಯಾಕ್ಟೀರಿಯಕ್ಕೆ ಕೋಟ್ರೈಮಾಕ್ಸಜೋಲ್, ಬೂಷ್ಟಿಗೆ ಇಟ್ರಾಕೊನಜೋಲ್. ಮೊದಲನೆಯದು ಬಹಳ ಅಗ್ಗ. ಎರಡನೆಯದರ ಕ್ಯಾಪ್ಸೂಲ್ ಊಟದ ಜೊತೆಗೇ ತೆಗೆದುಕೊಳ್ಳಬೇಕು, ಬರಿಹೊಟ್ಟೆಯಲ್ಲಿ ಕೊಟ್ಟರೆ ಮೈಗೆ ಹತ್ತುವುದಿಲ್ಲ. ಎರಡು ವರ್ಷದಲ್ಲಿ ಒಂದೇ ಸಲ ಅಡ್ಮಿಟ್ ಆಗಿದ್ದಾನೆ. ತೂಕ 17 ಕಿಲೋ. ಶಾಲೆಗೆ ಹೋಗುತ್ತಾನೆ.

ಮನೆ ಬದಲಾಗಿದೆ. ಅವನು ಮಲಗುವ ಕೋಣೆಗೆ ಸಿಮೆಂಟು, ಸುಣ್ಣ. ಸಗಣಿ ಸಾರಿಸುವಾಗ, ಬಣವೆ ಕೀಳುವಾಗ, ಗೊಬ್ಬರ ಹೇರುವಾಗ ಅವನು ಅಲ್ಲಿರುವುದಿಲ್ಲ. ನಿಂತ ನೀರಿನ ಹಳ್ಳಕ್ಕೆ, ಬಾವಿಗೆ ಇಳಿಯುವುದಿಲ್ಲ. ಜ್ವರ ಬಂದರೆ ಅದೇ ದಿನ ಫೋನ್. ಕಾರ್ಡಿನ ಮೇಲೆ ಕಾಯಿಲೆಯ ಹೆಸರು, ನನ್ನ ನಂಬರ್. ಮಾಲಿನ ಚೀಲದ ಜಾಗಕ್ಕೆ ಒಂದು ಫೈಲ್ ಬಂದಿದೆ.

ಪೂರ್ತಿ ಗುಣವಾಗಲು ಅಸ್ಥಿಮಜ್ಜೆ ಕಸಿ ಬೇಕು. ಒಬ್ಬ ಒಡಹುಟ್ಟು ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅಕ್ಕನೂ ಹೊಂದಲಿಲ್ಲ, ತಮ್ಮನೂ ಹೊಂದಲಿಲ್ಲ. ತಂದೆಯ ಅರ್ಧ ಹೊಂದುವ ಮಜ್ಜೆಯಿಂದ ಮಾಡುವುದೋ, ಹೊರಗಿನ ದಾನಿ ಸಿಗುವವರೆಗೆ ಕಾಯುವುದೋ ಎಂಬ ಮಾತು ಬೆಂಗಳೂರಿನಲ್ಲಿ ನಡೆಯುತ್ತಿದೆ. ದುಡ್ಡಿಗೆ ಒಂದು ದಾರಿ ಇದೆ. 2021ರ ರಾಷ್ಟ್ರೀಯ ವಿರಳ ಕಾಯಿಲೆಗಳ ನೀತಿಯ ಮೊದಲ ಗುಂಪಿನಲ್ಲಿ ಸಿಜಿಡಿ ಇದೆ. ಗೊತ್ತುಮಾಡಿದ ಕೇಂದ್ರಗಳ ಮೂಲಕ 50 ಲಕ್ಷ ರೂಪಾಯಿವರೆಗೆ ನೆರವು ಸಿಗುತ್ತದೆ. ನಮಗೆ ಹತ್ತಿರದವು ಎರಡು. ಬೆಂಗಳೂರಿನಲ್ಲಿ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯ ಜೊತೆ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್, ಹೈದರಾಬಾದಿನಲ್ಲಿ ನಿಮ್ಸ್ ಆಸ್ಪತ್ರೆಯ ಜೊತೆ ಸಿಡಿಎಫ್‌ಡಿ ಎಂಬ ಡಿಎನ್‌ಎ ಪರೀಕ್ಷಾ ಕೇಂದ್ರ. ನಮ್ಮ ಭಾಗದ ಡಾಕ್ಟರುಗಳಿಗೆ ಇದು ಗೊತ್ತಿರಬೇಕು. ಅರ್ಜಿ ಹಾಕಿದ್ದೇವೆ.

ನಮ್ಮ ವಾರ್ಡಿನ ಅಡ್ಮಿಶನ್ ಫಾರಂನಲ್ಲಿ ಈಗ ಒಂದು ಸಾಲು ಜಾಸ್ತಿಯಾಗಿದೆ. "ತಾಯಿಯ ತವರಿನಲ್ಲಿ ತೀರಿಕೊಂಡ ಮಕ್ಕಳು: ಗಂಡು ಎಷ್ಟು, ಹೆಣ್ಣು ಎಷ್ಟು, ಯಾವ ವಯಸ್ಸಿನಲ್ಲಿ." ತಾಯಿಯನ್ನೇ ಕೇಳಬೇಕು, ಅಜ್ಜಿ ಇದ್ದರೆ ಅಜ್ಜಿಯನ್ನು. ರೋಗಾಣು ಕಾಣದ ಮಗುವಿಗೆ ಎರಡನೇ ಸಲ ಟಿಬಿ ಮಾತ್ರೆ ಬರೆಯುವ ಮೊದಲು ಡಿಎಚ್‌ಆರ್ ಕಳಿಸುತ್ತೇವೆ. ಲ್ಯಾಬಿನ ಗೋಡೆಗೆ "ಐಸ್ ಬೇಡ" ಎಂದು ಅಂಟಿಸಿದ್ದೇವೆ.

ಆಯಿಯ ಇನ್ನಿಬ್ಬರು ಹೆಣ್ಣುಮಕ್ಕಳ ಪರೀಕ್ಷೆ ಉಳಿದಿತ್ತು. ಒಬ್ಬರು ತಾವಾಗಿಯೇ ಬಂದು ಪರೀಕ್ಷೆ ಮಾಡಿಸಿಕೊಂಡರು, ಅವರ ಗ್ರಾಫಿನಲ್ಲಿ ಬಲಕ್ಕೆ ಸರಿದ ಒಂದೇ ಗುಡ್ಡ. ಯಾದಗಿರಿ ಜಿಲ್ಲೆಗೆ ಕೊಟ್ಟ ಕಿರಿಯ ಮಗಳ ಮನೆಯವರು ಬೇಡ ಎಂದರು. ಆಕೆಗೆ ಎಂಟು ತಿಂಗಳ ಗಂಡುಮಗು. ನಾನು ಎರಡು ಸಲ ಫೋನ್ ಮಾಡಿದೆ, ಪ್ರಯೋಜನವಾಗಲಿಲ್ಲ. ಆಯಿ ಶರಣುವಿನ ಫೈಲ್ ಕಂಕುಳಲ್ಲಿ ಇಟ್ಟುಕೊಂಡು ತಾವೇ ಹೋಗಿ ಅಲ್ಲಿ ಹನ್ನೆರಡು ದಿನ ಕೂತರು. ಹದಿಮೂರನೇ ದಿನ ಮಗಳು, ಅಳಿಯ, ಕೂಸನ್ನು ಕರೆದುಕೊಂಡು ಬಂದರು. ಕೂಸಿನ ಎಡ ಕಂಕುಳಲ್ಲಿ ಆಗಲೇ ಒಂದು ಗಂಟಿತ್ತು. ಗುಡ್ಡ ಕದಲಲಿಲ್ಲ. ಆದರೆ ಲಿವರ್ ಚೆನ್ನಾಗಿತ್ತು, ಶ್ವಾಸಕೋಶ ಚೆನ್ನಾಗಿತ್ತು. ಫಲಿತಾಂಶ ಬಂದ ದಿನವೇ ಔಷಧಿ ಶುರು ಮಾಡಿದೆವು.

ಕಳೆದ ಜನವರಿಯಲ್ಲಿ ಊರಿನಲ್ಲಿ ರಾಶಿ ನಡೆದಾಗ ಇಬ್ಬರೂ ಹುಡುಗರು ಕಲಬುರಗಿಯಲ್ಲಿ ಇದ್ದರು. ಮೂರು ವಾರಕ್ಕೆ ಒಂದು ಕೋಣೆ ಬಾಡಿಗೆ ಹಿಡಿದು ಆಯಿ ಅವರನ್ನು ಇಟ್ಟುಕೊಂಡಿದ್ದರು. ನಾನು ಒಂದು ಸಂಜೆ ಹೋಗಿದ್ದೆ. ಆಯಿ ರೊಟ್ಟಿ ಬಡಿಯುತ್ತಿದ್ದರು. ಮೊದಲ ರೊಟ್ಟಿ ತಾಟಿಗೆ ಬಿದ್ದ ಮೇಲೆ ಶರಣು ತಾನೇ ಎದ್ದು ಹೋಗಿ ಕ್ಯಾಪ್ಸೂಲ್ ತಂದುಕೊಂಡ.